ಮುದ್ರಿಸಿದ ಟೈಟಾನಿಯಂ ಸರಳು: ಒಂದು 41 ಸಾವಿರ ಎಳೆತಕ್ಕೆ ಮುರಿಯಿತು, ಇನ್ನೊಂದು ಕೋಟಿ ದಾಟಿತು. ವರದಿಯಲ್ಲಿ ಏನು ಬರೆಯಲಿ?

ಪೀಣ್ಯ ಪರೀಕ್ಷಕ, ಸೋಮವಾರ ರಾತ್ರಿ 9.40
ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಪರೀಕ್ಷಾಲಯದಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೂರು ವಾರದಿಂದ ನಿದ್ದೆಗೆಡಿಸಿರುವ ಸಮಸ್ಯೆಯೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಗ್ರಾಹಕರೊಬ್ಬರು ಲೇಸರ್‌ನಿಂದ ಪುಡಿ ಕರಗಿಸಿ ಪದರ ಪದರವಾಗಿ ಮುದ್ರಿಸಿದ 12 ಟೈಟಾನಿಯಂ ಸರಳುಗಳನ್ನು ತಂದುಕೊಟ್ಟರು. ಮಿಶ್ರಲೋಹ ಎಲ್ಲರಿಗೂ ಗೊತ್ತಿರುವ ಸಿಕ್ಸ್-ಫೋರ್, ಅಂದರೆ ಶೇ. 6 ಅಲ್ಯೂಮಿನಿಯಂ, ಶೇ. 4 ವನೇಡಿಯಂ. ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ ಮುದ್ರಿಸಿದ್ದಾರೆ. ಒತ್ತಡ ನಿವಾರಣೆಗೆ ಕುಲುಮೆಯಲ್ಲಿ ಕಾಯಿಸಿದ್ದಾರೆ. ಹಿಪ್ (ಕಾಯಿಸಿ, ಅನಿಲದಿಂದ ಎಲ್ಲ ಕಡೆಯಿಂದ ಅದುಮಿ ಒಳಗಿನ ಟೊಳ್ಳು ಮುಚ್ಚಿಸುವುದು) ಮಾಡಿಸಿಲ್ಲ. ನಾವು ಲೇತ್‌ನಲ್ಲಿ ಮೈ ತೆಗೆದು, ಎಮೆರಿ ಕಾಗದದಿಂದ ಉದ್ದಕ್ಕೆ ಉಜ್ಜಿ ನುಣುಪು ಮಾಡಿದೆವು. ಪರೀಕ್ಷೆ ದಣಿವಿನದು, ಅಂದರೆ ಸರಳನ್ನು ಮತ್ತೆ ಮತ್ತೆ ಎಳೆದು ಸಡಿಲಿಸುವುದು; ಒಂದು ಎಳೆತ ಒಂದು ಆವರ್ತ. ಗರಿಷ್ಠ ಒತ್ತಡ 600 ಮೆಗಾಪಾಸ್ಕಲ್, ಆರ್ ಅನುಪಾತ (ಕನಿಷ್ಠ ಒತ್ತಡಕ್ಕೂ ಗರಿಷ್ಠಕ್ಕೂ ಇರುವ ಅನುಪಾತ) 0.1, ಸೆಕೆಂಡಿಗೆ 20 ಆವರ್ತ.

ನಾಲ್ಕು ಸರಳು ಒಂದು ಲಕ್ಷ ಆವರ್ತದೊಳಗೇ ಮುರಿದವು. ಮೊದಲನೆಯದು 41 ಸಾವಿರಕ್ಕೆ. ಐದು ಸರಳು 3 ಲಕ್ಷದಿಂದ 20 ಲಕ್ಷದ ನಡುವೆ ಹೋದವು. ಉಳಿದ ಮೂರು ಒಂದು ಕೋಟಿ ದಾಟಿದವು, ನಾವೇ ಯಂತ್ರ ನಿಲ್ಲಿಸಿದೆವು. ಒಂದು ಕೋಟಿಗೆ ಐದು ದಿನ 19 ಗಂಟೆ ಹಿಡಿಯುತ್ತದೆ, ವಿದ್ಯುತ್ ಕೈಕೊಡದಿದ್ದರೆ.

ಗ್ರಾಹಕರು ಸರಾಸರಿ ಆಯಸ್ಸು ಬರೆದುಕೊಡಿ ಎನ್ನುತ್ತಾರೆ. ಮುದ್ರಿಸಿಕೊಟ್ಟವರು ನಿಮ್ಮ ಯಂತ್ರದ ಹಿಡಿಕೆ ಓರೆಯಾಗಿದೆ ಎನ್ನುತ್ತಾರೆ. ಅವರ ಪ್ರಮಾಣಪತ್ರದಲ್ಲಿ ಸಾಂದ್ರತೆ ಶೇ. 99.9 ಎಂದಿದೆ. ಸ್ಟ್ರೇನ್ ಗೇಜ್ (ಲೋಹದ ಹಿಗ್ಗು ಕುಗ್ಗು ಅಳೆಯುವ ಪಟ್ಟಿ) ಅಂಟಿಸಿದ ಸರಳು ಹಾಕಿ ನೋಡಿದ್ದೇನೆ, ಬಾಗುವಿಕೆ ಶೇ. 5ರ ಮಿತಿಯೊಳಗೇ ಇದೆ. ನಾನೇನು ಬರೆಯಲಿ?

ಗಣಿತದ ಮೇಷ್ಟರು, 9.58
ಸರಾಸರಿ ಬೇಡವೇ ಬೇಡ. 41 ಸಾವಿರಕ್ಕೂ ಒಂದು ಕೋಟಿಗೂ ಸರಾಸರಿ ತೆಗೆದರೆ ಸುಮಾರು 50 ಲಕ್ಷ ಬರುತ್ತದೆ. ಆ 50 ಲಕ್ಷದ ಆಸುಪಾಸಿನಲ್ಲಿ ನಿಮ್ಮ ಒಂದು ಸರಳೂ ಮುರಿದಿಲ್ಲ. ಮೇಲಾಗಿ ಕೋಟಿ ದಾಟಿದವು ಮುರಿಯದೆ ಉಳಿದವು, ಅವುಗಳ ಆಯಸ್ಸು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಅಂಕಿಯನ್ನು ಕೂಡುವುದು ಹೇಗೆ? ಒಂದೊಂದು ಸರಳಿನ ಅಂಕಿಯನ್ನೂ ಬಿಡಿಬಿಡಿಯಾಗಿ ಕೊಡಿ.

ಸಹ್ಯಾದ್ರಿ, 10.05
ಸಾಂದ್ರತೆ ಶೇ. 99.9 ಇದ್ದ ಮೇಲೆ ಒಳಗೆ ಗುಳ್ಳೆಯ ಮಾತೇ ಬರುವುದಿಲ್ಲ. ಹಿಡಿಕೆಯನ್ನೇ ಇನ್ನೊಮ್ಮೆ ನೋಡಿ.

ಲೋಹಮಿತ್ರ, 10.31
ಸಹ್ಯಾದ್ರಿ ಅವರೇ, ಈ 99.9 ಎಂಬ ಅಂಕಿಯನ್ನು ಒಮ್ಮೆ ಬಿಡಿಸಿ ನೋಡೋಣ. ಸರಳಿನ ನಡುಭಾಗ 6 ಮಿ.ಮೀ. ದಪ್ಪ, 20 ಮಿ.ಮೀ. ಉದ್ದ ಎಂದುಕೊಳ್ಳಿ. ಗಾತ್ರ ಸುಮಾರು 565 ಘನ ಮಿ.ಮೀ. ಅದರಲ್ಲಿ ಶೇ. 0.1 ಎಂದರೆ ಅರ್ಧ ಘನ ಮಿ.ಮೀ.ಗಿಂತ ತುಸು ಹೆಚ್ಚು. ಅಷ್ಟು ಟೊಳ್ಳನ್ನು 50 ಮೈಕ್ರಾನ್ ಅಗಲದ ಗುಂಡು ಗುಳ್ಳೆಗಳಾಗಿ ಹಂಚಿದರೆ 8,600ಕ್ಕೂ ಹೆಚ್ಚು ಗುಳ್ಳೆಗಳಾಗುತ್ತವೆ. ಎಳೆದು ಮುರಿಯುವ ಸಾಮಾನ್ಯ ಪರೀಕ್ಷೆಗೆ ಇವು ಲೆಕ್ಕಕ್ಕೇ ಬರುವುದಿಲ್ಲ. ದಣಿವಿಗೆ ಹಾಗಲ್ಲ. ಅದು ಒಟ್ಟು ಟೊಳ್ಳು ಎಷ್ಟೆಂದು ಕೇಳುವುದಿಲ್ಲ. ಇರುವುದರಲ್ಲೇ ಅತಿ ದೊಡ್ಡದು, ಅತಿ ಚೂಪಾದದ್ದು, ಮೈಗೆ ಅತಿ ಹತ್ತಿರದ್ದು ಯಾವುದು ಎಂದು ಹುಡುಕಿಕೊಂಡು ಹೋಗುತ್ತದೆ.

ಪರೀಕ್ಷಕರೇ, ಮುರಿದ ಮುಖಗಳನ್ನು ನೋಡಿದ್ದೀರಾ? ಎರಡು ತುಂಡುಗಳನ್ನು ಮತ್ತೆ ಜೋಡಿಸಿ ನೋಡಿಲ್ಲ ತಾನೇ? ಎಷ್ಟೋ ಕಡೆ ಹಾಗೆ ಜೋಡಿಸಿ ಉಜ್ಜಿ, ಸಾಕ್ಷ್ಯವನ್ನೇ ಅಳಿಸಿಬಿಡುತ್ತಾರೆ.

ಪೀಣ್ಯ ಪರೀಕ್ಷಕ, 10.44
ಜೋಡಿಸಿಲ್ಲ. ಒಂದೊಂದನ್ನೂ ಹತ್ತಿ ಸುತ್ತಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಭೂತಗನ್ನಡಿಯಲ್ಲಿ ಮಾತ್ರ ನೋಡಿದೆ. ಬೇಗ ಮುರಿದ ನಾಲ್ಕರಲ್ಲೂ ಅಂಚಿನಲ್ಲಿ ಸಣ್ಣ ಮಸುಕು ಕಲೆ ಇದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಗುರುವಾರ ಸಮಯ ಸಿಕ್ಕಿದೆ.

ಪದಪ್ರೇಮಿ, 10.50
ವಿಷಯಾಂತರಕ್ಕೆ ಕ್ಷಮಿಸಿ. ‘ದಣಿವು’ ಸರಿಯೇ? ನಮ್ಮ ಪಠ್ಯಗಳಲ್ಲಿ ‘ಆಯಾಸ’ ಎಂದು ಓದಿದ ನೆನಪು. ದಣಿದವನು ಮಲಗಿ ಎದ್ದರೆ ಸರಿಹೋಗುತ್ತಾನೆ. ಲೋಹ ಸರಿಹೋಗುವುದಿಲ್ಲವಲ್ಲ.

ಡಿಪೊ ಮೆಕ್ಯಾನಿಕ್, 11.02
ಬಸ್ ಡಿಪೊದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ನಾವು ದಣಿವು ಎಂದೂ ಹೇಳುತ್ತಿರಲಿಲ್ಲ, ಆಯಾಸ ಎಂದೂ ಹೇಳುತ್ತಿರಲಿಲ್ಲ. ‘ಪಟ್ಟಿ ಸೋತಿದೆ’ ಎನ್ನುತ್ತಿದ್ದೆವು. ಮುರಿದ ಸ್ಪ್ರಿಂಗ್ ಪಟ್ಟಿಯನ್ನು ಬಿಚ್ಚಿ ತೆಗೆದರೆ ಮುಖದ ಮುಕ್ಕಾಲು ಭಾಗ ನುಣುಪಾಗಿ, ಕೆರೆಯ ದಡದಲ್ಲಿ ನೀರು ಇಳಿದ ಗುರುತಿನ ಹಾಗೆ ಗೆರೆ ಗೆರೆಯಾಗಿ ಕಾಣುತ್ತಿತ್ತು. ಉಳಿದ ಕಾಲು ಭಾಗ ಒರಟು, ಹೊಳೆಯುವ ಹರಳು ಹರಳು. ಆ ಗೆರೆಗಳೆಲ್ಲ ಬಾಗಿರುವ ಕಡೆಗೆ ಹಿಂದಕ್ಕೆ ಹೋದರೆ ಒಂದು ತುಕ್ಕಿನ ಚುಕ್ಕೆಯೋ ಸುತ್ತಿಗೆಯ ಏಟೋ ಸಿಕ್ಕೇ ಸಿಗುತ್ತಿತ್ತು. ನಿಮ್ಮ ಟೈಟಾನಿಯಂಗೂ ಹಾಗೆಯೇ ಮಾಡಿ ನೋಡಿ.

ಲೋಹಮಿತ್ರ, 11.09
ಅಣ್ಣ, ನೀವು ಹೇಳಿದ್ದು ಅಕ್ಷರಶಃ ಸರಿ. ಅದೇ ವಿದ್ಯೆ, ಇಲ್ಲಿ ಚುಕ್ಕೆ ಮಾತ್ರ ಇನ್ನೂ ಚಿಕ್ಕದು. ‘ಸೋತಿದೆ’ ಎಂಬ ಮಾತನ್ನು ಬರೆದಿಟ್ಟುಕೊಂಡೆ.

ಹಳೆಯ ಟರ್ನರ್, ಮಂಗಳವಾರ ಬೆಳಿಗ್ಗೆ 6.15
ಪರೀಕ್ಷಕರೇ, ಲೇತ್‌ನಲ್ಲಿ ಒಂದು ಬದಿಗೆ ಎಷ್ಟು ತೆಗೆದಿರಿ?

ಪೀಣ್ಯ ಪರೀಕ್ಷಕ, 7.30
ಕಾಲು ಮಿ.ಮೀ. ಅಷ್ಟೇ. ಪುಡಿ ದುಬಾರಿ ಎಂದು ಅವರು ಹೆಚ್ಚಿನ ಮೈಬಿಟ್ಟು ಮುದ್ರಿಸಿರಲಿಲ್ಲ.

ಹಳೆಯ ಟರ್ನರ್, 7.52
ಅಲ್ಲೇ ಇದೆ ನೋಡಿ ಒಂದು ಎಡವಟ್ಟು. ಈ ಯಂತ್ರಗಳಲ್ಲಿ ಲೇಸರ್ ಮೊದಲು ಅಥವಾ ಕೊನೆಗೆ ಅಂಚಿನ ಗೆರೆ ಎಳೆಯುತ್ತದೆ, ಒಳಭಾಗವನ್ನು ಬೇರೆ ಗೆರೆಗಳಿಂದ ತುಂಬುತ್ತದೆ. ಗದ್ದೆಯ ಬದುವಿನ ಪಕ್ಕದಲ್ಲಿ ನೇಗಿಲು ತಿರುಗುವ ಜಾಗ ಇದ್ದ ಹಾಗೆ. ಅಂಚಿನ ಗೆರೆಯೂ ಒಳಗಿನ ಗೆರೆಯೂ ಸೇರುವ ಸಂದಿನಲ್ಲಿ ಗುಳ್ಳೆಗಳು ಸಾಲುಗಟ್ಟುವುದುಂಟು. ಆ ಸಂದು ಮೈಯಿಂದ ಕೆಲವೇ ಕೂದಲೆಳೆಯಷ್ಟು ಒಳಗಿರುತ್ತದೆ. ನೀವು ಕಾಲು ಮಿ.ಮೀ. ತೆಗೆದಾಗ ಒಳಗೆ ಅಡಗಿದ್ದ ಗುಳ್ಳೆಯನ್ನು ನೇರವಾಗಿ ಮೈಮೇಲೆ ತಂದು ನಿಲ್ಲಿಸಿದ್ದೀರಿ. ಒಂದು ಮಿ.ಮೀ. ತೆಗೆದಿದ್ದರೆ ಆ ಸಂದೇ ಹೋಗಿಬಿಡುತ್ತಿತ್ತು.

ಕಾವೇರಿ ತೀರ, 8.20
ಟರ್ನರ್ ಸರ್, ಒಪ್ಪುತ್ತೇನೆ, ಆದರೆ ಇದೇ ಎಂದು ಈಗಲೇ ತೀರ್ಪು ಬೇಡ. ಅಂಚಿನ ಸಂದಿನ ದೋಷವಾಗಿದ್ದರೆ 12 ಸರಳಿನಲ್ಲೂ ಹೆಚ್ಚುಕಡಿಮೆ ಒಂದೇ ಥರ ಕಾಣಬೇಕಿತ್ತು. ಮೂರು ಸರಳು ಒಂದು ಕೋಟಿ ದಾಟಿದ್ದು ಹೇಗೆ?

ಗಣಿತದ ಮೇಷ್ಟರು, 8.45
ಲೆಕ್ಕ ಹಾಕಿ ನೋಡಿದೆ. ಜಪಾನಿನ ಮುರಕಾಮಿ ಅವರ ಸೂತ್ರದಲ್ಲಿ ಬೇಕಾದದ್ದು ಎರಡೇ: ಲೋಹದ ವಿಕರ್ಸ್ ಗಡಸುತನ, ಮತ್ತು ಎಳೆತದ ದಿಕ್ಕಿನಿಂದ ನೋಡಿದಾಗ ಕಾಣುವ ದೋಷದ ವಿಸ್ತೀರ್ಣದ ವರ್ಗಮೂಲ. ಗಡಸುತನಕ್ಕೆ 120 ಕೂಡಿಸಿ, ದೋಷ ಮೈಮೇಲಿದ್ದರೆ 1.43ರಿಂದ, ಒಳಗಿದ್ದರೆ 1.56ರಿಂದ ಗುಣಿಸಿ, ಆ ವರ್ಗಮೂಲದ ಆರನೇ ಮೂಲದಿಂದ ಭಾಗಿಸಬೇಕು. ಗಡಸುತನ 360 ಎಂದು ಹಿಡಿದೆ, ಆರ್ 0.1ಕ್ಕೆ ಹೊಂದಿಸಿದೆ.

ನಿಮ್ಮ ಪರೀಕ್ಷೆಯಲ್ಲಿ ಒತ್ತಡದ ಏರಿಳಿತದ ಅರ್ಧ 270 ಮೆಗಾಪಾಸ್ಕಲ್. ದೋಷ 50 ಮೈಕ್ರಾನ್ ಆಗಿ ಒಳಗಿದ್ದರೆ ತಾಳಿಕೆಯ ಮಿತಿ ಸುಮಾರು 316; ಸರಳು ಉಳಿಯುತ್ತದೆ. 100 ಮೈಕ್ರಾನ್ ಆಗಿ ಮೈಮೇಲಿದ್ದರೆ 258. ಕೆಲವು ಲಕ್ಷಕ್ಕೆ ಹೋಗಬಹುದು. 300 ಮೈಕ್ರಾನ್ ಆಗಿ ಮೈಮೇಲಿದ್ದರೆ 215ಕ್ಕೆ ಇಳಿಯುತ್ತದೆ. ಯಂತ್ರ ಸರಿಯಿದ್ದೂ, ಲೋಹ ಒಂದೇ ಆಗಿದ್ದೂ, ನಿಮ್ಮ ಮೂರೂ ಗುಂಪುಗಳು ಇದರಲ್ಲೇ ಬಂದುಬಿಡುತ್ತವೆ. ಆರನೇ ಮೂಲವಾದ್ದರಿಂದ ಮಿತಿ ಅರ್ಧಕ್ಕಿಳಿಯಲು ದೋಷ 64 ಪಟ್ಟು ಹಿಗ್ಗಬೇಕು. ಆದರೆ ಮಿತಿಯ ಆಚೆ ಈಚೆ ಸ್ವಲ್ಪ ಸರಿದರೂ ಆಯಸ್ಸು ಸಾವಿರದಿಂದ ಕೋಟಿಗೆ ಹಾರುತ್ತದೆ. ನನಗೆ ಬಹಳ ಹಿಡಿಸಿದ ಸಂಗತಿ ಇದು.

ಸಹ್ಯಾದ್ರಿ, 9.10
ಸರಿ, ನಿನ್ನೆ ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. 8,600 ಎಂಬ ಸಂಖ್ಯೆ ನನ್ನ ತಲೆಗೆ ಹೊಳೆದಿರಲಿಲ್ಲ. ಹಾಗಾದರೆ ಹಿಪ್ ಮಾಡಿಸಿಬಿಡಲಿ, ಎಲ್ಲ ಮುಚ್ಚಿಕೊಳ್ಳುತ್ತದೆ.

ಆಖೆನ್ ಕನ್ನಡಿಗ, ಮಧ್ಯಾಹ್ನ 1.25
ಹಿಪ್ ಒಳ್ಳೆಯದು, ಆದರೆ ಎಲ್ಲವನ್ನೂ ಮುಚ್ಚುವುದಿಲ್ಲ. ಸುಮಾರು 920 ಡಿಗ್ರಿ ಶಾಖ, 100 ಮೆಗಾಪಾಸ್ಕಲ್ ಆರ್ಗಾನ್ ಒತ್ತಡ, ಎರಡು ಗಂಟೆ. ಒಳಗೆ ಪೂರ್ತಿ ಮುಚ್ಚಿರುವ ಟೊಳ್ಳು ಅದುಮಿ ಬೆಸೆದುಕೊಳ್ಳುತ್ತದೆ. ಮೈಗೆ ಬಾಯಿ ಬಿಟ್ಟಿರುವ ಟೊಳ್ಳಿಗೆ ಅದೇ ಆರ್ಗಾನ್ ಒಳನುಗ್ಗುತ್ತದೆ, ಹೊರಗೂ ಒಳಗೂ ಸಮ ಒತ್ತಡ, ಮುಚ್ಚುವ ಮಾತೇ ಇಲ್ಲ. ಮುದ್ರಿಸುವಾಗಲೇ ಆರ್ಗಾನ್ ಸಿಕ್ಕಿಕೊಂಡ ಗುಳ್ಳೆ ಹಿಪ್‌ನಲ್ಲಿ ಕುಗ್ಗುತ್ತದೆ. ಮುಂದೆ ಒತ್ತಡವಿಲ್ಲದೆ ಹೆಚ್ಚು ಕಾಯಿಸಿದರೆ ಮತ್ತೆ ಉಬ್ಬಬಹುದು. ಮುದ್ರಿಸಿದಾಗ ಇದ್ದ ಸೂಜಿಯಂಥ ನವಿರು ರಚನೆ ದಪ್ಪವಾಗಿ ಎಳೆತದ ಬಲವೂ ತುಸು ಇಳಿಯುತ್ತದೆ. ಇಷ್ಟಾದರೂ ದಣಿವಿನ ವಿಷಯದಲ್ಲಿ ಹಿಪ್ ಮಾಡಿ, ಆಮೇಲೆ ಮೈ ತೆಗೆದ ತುಣುಕೇ ಗೆಲ್ಲುತ್ತದೆ.

ನಿಜವಾದ ಪ್ರಶ್ನೆ ಬೇರೆ ಇದೆ. ಗ್ರಾಹಕರ ಭಾಗ ಯಾವುದು? ಅದರ ಮೈಯನ್ನೂ ಹೀಗೆ ನುಣುಪು ಮಾಡುತ್ತಾರಾ?

ಪೀಣ್ಯ ಪರೀಕ್ಷಕ, 2.05
ಇಲ್ಲ. ಅದೊಂದು ಬ್ರಾಕೆಟ್. ಒಳಗೆಲ್ಲ ಬಳ್ಳಿಯಂತೆ ಬಾಗಿದ ತೋಳುಗಳು, ಲೇತ್ ಹಲ್ಲು ಹೋಗದ ಜಾಗ. ಬೋಲ್ಟ್ ತೂತುಗಳನ್ನು ಮಾತ್ರ ಕೊರೆಯುತ್ತಾರೆ, ಉಳಿದದ್ದು ಮುದ್ರಿಸಿದ ಹಾಗೆಯೇ.

ಆಖೆನ್ ಕನ್ನಡಿಗ, 2.12
ಹಾಗಾದರೆ ನಿಮ್ಮ 12 ಸರಳುಗಳು ಆ ಬ್ರಾಕೆಟ್ ಬಗ್ಗೆ ಏನನ್ನೂ ಹೇಳುವುದಿಲ್ಲ! ಮುದ್ರಿಸಿದ ಮೈ ಮರಳು ಕಾಗದದಂತೆ ಇರುತ್ತದೆ. ಅರೆ ಕರಗಿದ ಪುಡಿ ಕಾಳುಗಳು ಅಂಟಿರುತ್ತವೆ, ಪದರಗಳ ನಡುವೆ ಕಚ್ಚುಗಳಿರುತ್ತವೆ, ಕೆಳಮುಖವಾದ ಮೈ ಇನ್ನೂ ಒರಟು. ಅಂಥ ಮೈ ಬಿಟ್ಟರೆ ಸಿಕ್ಸ್-ಫೋರ್‌ನ ದಣಿವಿನ ಬಲ ನುಣುಪು ಮಾಡಿದ್ದರ ಅರ್ಧಕ್ಕೂ ಇಳಿಯಬಹುದು. ಅವರಿಗೆ ಮುದ್ರಿಸಿದ ಮೈಯ ಸರಳುಗಳೇ ಬೇಕು. ನಿಲ್ಲಿಸಿದ್ದು, ಮಲಗಿಸಿದ್ದು, 45 ಡಿಗ್ರಿ ಓರೆಯಾಗಿದ್ದು, ಮೂರೂ ಬೇಕು.

ಸಹ್ಯಾದ್ರಿ, 2.30
ಪರೀಕ್ಷೆಗೇ ಇಷ್ಟು ಖರ್ಚಾದರೆ ಈ ತಂತ್ರಜ್ಞಾನದಿಂದ ಲಾಭ ಏನು? ಎರಕವೋ ಫೋರ್ಜಿಂಗೋ (ಕಾಯಿಸಿ ಬಡಿದು ರೂಪಿಸುವುದು) ಸಾಕಲ್ಲ.

ಕಾವೇರಿ ತೀರ, 3.10
ಲಾಭ ಇದೆ, ಸರ್. ಇಸ್ರೋ 2024ರ ಮೇ 9ರಂದು ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಎಂಜಿನನ್ನು ಮುದ್ರಿತ ರೂಪದಲ್ಲಿ 665 ಸೆಕೆಂಡ್ ಉರಿಸಿ ಪರೀಕ್ಷಿಸಿತು. ಮುದ್ರಿಸಿದ್ದು ವಿಪ್ರೋ ತ್ರೀಡಿ. 14 ಬಿಡಿಭಾಗಗಳು ಒಂದೇ ಆದವು, 19 ಬೆಸುಗೆ ತಪ್ಪಿದವು, 565 ಕಿಲೋ ಕಚ್ಚಾ ಲೋಹದ ಜಾಗದಲ್ಲಿ 13.7 ಕಿಲೋ ಪುಡಿ ಸಾಕಾಯಿತು. ಅದೇ ತಿಂಗಳ 30ರಂದು ಶ್ರೀಹರಿಕೋಟಾದಿಂದ ಹಾರಿದ ಅಗ್ನಿಕುಲ್ ರಾಕೆಟ್‌ನ ಎಂಜಿನ್ ಕೂಡ ಒಂದೇ ತುಂಡಾಗಿ ಮುದ್ರಿಸಿದ್ದು.

ಸಹ್ಯಾದ್ರಿ, 3.18
665 ಸೆಕೆಂಡ್ ಓಡುವುದಕ್ಕೆ ದಣಿವು ಎಲ್ಲಿಂದ ಬರಬೇಕು?

ಕಾವೇರಿ ತೀರ, 3.26
ಸೆಕೆಂಡಿಗೆ ಸಾವಿರ ಬಾರಿ ನಡುಗುವ ಭಾಗವೊಂದಿದ್ದರೆ 665 ಸೆಕೆಂಡಿಗೆ 6.65 ಲಕ್ಷ ಆವರ್ತ. ಪರೀಕ್ಷಕರ ಐದು ಸರಳುಗಳು ಮುರಿದದ್ದು ಆ ಲೆಕ್ಕದ ಆಸುಪಾಸಿನಲ್ಲೇ.

ಮೂಳೆ ವೈದ್ಯೆ, ಸಂಜೆ 5.40
ಕುತೂಹಲದಿಂದ ಓದುತ್ತಿದ್ದೇನೆ. ನಮ್ಮ ಸೊಂಟದ ಕೀಲಿನ ಬಟ್ಟಲುಗಳಲ್ಲೂ ಮುದ್ರಿಸಿದ ಟೈಟಾನಿಯಂ ಬಂದಿದೆ. ಅಲ್ಲಿ ಒರಟು, ತೂತು ತೂತಾದ ಮೈ ಬೇಕೆಂದೇ ಮಾಡುತ್ತಾರೆ, ಮೂಳೆ ಅದರೊಳಗೆ ಬೆಳೆದು ಹಿಡಿದುಕೊಳ್ಳಲಿ ಎಂದು. ನಿಮಗೆ ಶತ್ರುವಾದದ್ದು ನಮಗೆ ಮಿತ್ರ! ಇರಲಿ, ಗುಳ್ಳೆ ನೋಡಲು ಸಿ.ಟಿ. ಮಾಡಿಸಬಹುದಲ್ಲ?

ಪೀಣ್ಯ ಪರೀಕ್ಷಕ, 6.02
ಮೇಡಂ, ನಮ್ಮಲ್ಲಿ ಸಿ.ಟಿ. ಎಂದರೆ ಬೇರೆಯೇ ಇದೆ, ಬಿರುಕು ಬೆಳೆಸುವ ಚೌಕಾಕಾರದ ತುಣುಕು, ಕಾಂಪ್ಯಾಕ್ಟ್ ಟೆನ್ಶನ್. ನೀವು ಹೇಳುವ ಎಕ್ಸ್-ರೇ ಸಿ.ಟಿ.ಯೂ ಆಗುತ್ತದೆ, ಆದರೆ ಭಾಗ ದಪ್ಪವಾದಷ್ಟೂ ಸಣ್ಣ ಗುಳ್ಳೆ ಕಾಣುವುದಿಲ್ಲ. ತಟ್ಟೆಯಂತೆ ತೆಳ್ಳಗಿನ ಸಂದು ಇನ್ನೂ ಕಷ್ಟ. ಅಂದಹಾಗೆ, ಗ್ರಾಹಕರು ಬಿರುಕಿನ ಬೆಳವಣಿಗೆಯ ಪರೀಕ್ಷೆಯನ್ನೂ ಕೇಳಿದ್ದಾರೆ. ಮುದ್ರಿಸಿದ ಲೋಹದಲ್ಲಿ ಅದನ್ನು ಮಾಡಿದವರು ಯಾರಾದರೂ ಇದ್ದೀರಾ?

ವಿಮಾನಪುರದ ನಿವೃತ್ತ, ರಾತ್ರಿ 8.15
ಇದ್ದೇನೆ. ಮನಸ್ಸಿಟ್ಟು ಓದಿ, ಏಕೆಂದರೆ ಇಲ್ಲಿ ಮೋಸ ಹೋಗುವುದು ಕೆಟ್ಟ ಅಂಕಿಯಿಂದಲ್ಲ, ಒಳ್ಳೆಯ ಅಂಕಿಯಿಂದ.

ಒಮ್ಮೆ ಒತ್ತಡ ನಿವಾರಣೆ ಮಾಡದ ಮುದ್ರಿತ ಫಲಕದಿಂದ ಸಿ.ಟಿ. ತುಣುಕು ಮಾಡಿಸಿದೆ. ವೈರ್ ಕಟ್ ಯಂತ್ರದಲ್ಲಿ ನಡುವಿನ ಸೀಳು ಹಾಕುತ್ತಿದ್ದರು. ಅರ್ಧ ದಾರಿಯಲ್ಲಿ ತಂತಿ ತುಂಡಾಯಿತು. ಮತ್ತೆ ಪೋಣಿಸಿದರು, ಮತ್ತೆ ತುಂಡಾಯಿತು. ಹೊರತೆಗೆದು ಫೀಲರ್ ಗೇಜ್ ಹಾಕಿ ನೋಡಿದರೆ ಸೀಳಿನ ಬಾಯಿ ಕತ್ತರಿಸಿದ್ದಕ್ಕಿಂತ ಕಿರಿದಾಗಿತ್ತು. ಲೋಹ ತಂತಿಯನ್ನೇ ಕಚ್ಚಿ ಹಿಡಿದಿತ್ತು. ಪದರಗಳು ಕರಗಿ ತಣಿಯುವಾಗ ಒಳಗೆ ಬಿಗಿದುಕೊಂಡ ಉಳಿಕೆ ಒತ್ತಡದ ಕೆಲಸ ಅದು. ಬಾಯಿ ಮುಚ್ಚುತ್ತಿದೆ ಎಂದರೆ ಬಿರುಕಿನ ತುದಿಯನ್ನು ಅದು ಅದುಮುತ್ತಿದೆ ಎಂದರ್ಥ. ಪರೀಕ್ಷೆ ಮಾಡಿದಾಗ ಬಿರುಕು ಬಹಳ ನಿಧಾನವಾಗಿ ಬೆಳೆಯಿತು. ಎಲ್ಲರೂ ಲೋಹವನ್ನು ಹೊಗಳಿದರು. ನಾನು ಆ ಅಂಕಿಗಳನ್ನು ವರದಿಗೆ ಸೇರಿಸಲಿಲ್ಲ. ಭಾಗದಲ್ಲಿ ಅದೇ ಉಳಿಕೆ ಒತ್ತಡ ಬೇರೆ ಜಾಗದಲ್ಲಿ ಬಿರುಕನ್ನು ಅದುಮುವ ಬದಲು ಹಿಗ್ಗಿಸಬಹುದು. ಆದ್ದರಿಂದ ಸೀಳು ಹಾಕುವ ಮೊದಲು ಎರಡು ಗುರುತು ಕೊರೆದು ಅಂತರ ಅಳೆಯಿರಿ, ಹಾಕಿದ ಮೇಲೆ ಮತ್ತೆ ಅಳೆಯಿರಿ. ಎರಡು ನಿಮಿಷದ ಕೆಲಸ.

ಇನ್ನು ವಿಧಾನಕ್ಕೆ ಬಿರುಕಿನ ಬೆಳವಣಿಗೆ ಅಳೆಯುವ ಮಾನದಂಡ ಎಎಸ್‌ಟಿಎಂ ಇ647 ಇದೆ. ಹೊಸ್ತಿಲು, ಅಂದರೆ ಬಿರುಕು ಬೆಳೆಯುವುದು ಬಹುತೇಕ ನಿಲ್ಲುವ ಮಿತಿ, ಹುಡುಕುವಾಗ ಭಾರವನ್ನು ಮೆಲ್ಲಗೆ ಇಳಿಸುತ್ತಾ ಬನ್ನಿ. ಆವರ್ತಕ್ಕೆ ಒಂದು ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು ಬೆಳವಣಿಗೆಗೆ ಇಳಿದಾಗ ಅದನ್ನು ಹೊಸ್ತಿಲು ಎಂದು ಹಿಡಿಯುತ್ತಾರೆ. ಅವಸರದಿಂದ ಇಳಿಸಿದರೆ ಹಿಂದಿನ ದೊಡ್ಡ ಭಾರದ ನೆನಪು ಬಿರುಕಿನ ತುದಿಯಲ್ಲಿ ಉಳಿದು, ಹೊಸ್ತಿಲು ಇಲ್ಲದ ಎತ್ತರಕ್ಕೆ ಏರಿದಂತೆ ಕಾಣುತ್ತದೆ. ಬಿರುಕು ನಡುಗೆರೆಯಿಂದ 20 ಡಿಗ್ರಿಗಿಂತ ಹೆಚ್ಚು ಓರೆಯಾದರೆ ಆ ಅಂಕಿ ಲೆಕ್ಕಕ್ಕಿಲ್ಲ. ಪರೀಕ್ಷೆ ಮುಗಿದ ಮೇಲೆ ತುಣುಕನ್ನು ಒಡೆದು ಬಿರುಕಿನ ಮುಂಚೂಣಿ ನೋಡಿ: ನಡುವೆ ಹಿಂದುಳಿದು ಅಂಚುಗಳಲ್ಲಿ ಮುಂದೋಡಿದ್ದರೆ, ಅದೂ ಉಳಿಕೆ ಒತ್ತಡದ ಸುಳಿವೇ.

ಕಾವೇರಿ ತೀರ, 8.50
ಸರ್, ಬಿರುಕು ಬೆಳೆಯುವ ವೇಗ ಹೇಳುವ ಪ್ಯಾರಿಸ್ ನಿಯಮದ ಘಾತವಾದರೂ ಮುದ್ರಿತ ಲೋಹಕ್ಕೂ ಫೋರ್ಜ್ ಮಾಡಿದ್ದಕ್ಕೂ ಬಹಳ ಬೇರೆಯೇ?

ವಿಮಾನಪುರದ ನಿವೃತ್ತ, 9.05
ಉಳಿಕೆ ಒತ್ತಡ ತೆಗೆದ ಮೇಲೆ, ನಡುಹಂತದಲ್ಲಿ ಅಷ್ಟೇನೂ ಬೇರೆಯಲ್ಲಮ್ಮಾ. ಘಾತ 3ರ ಸುತ್ತ ಬರುತ್ತದೆ, ಅಂದರೆ ಡೆಲ್ಟಾ ಕೆ (ಬಿರುಕಿನ ತುದಿಯಲ್ಲಿ ಒತ್ತಡದ ತೀವ್ರತೆಯ ಏರಿಳಿತ) ಎರಡು ಪಟ್ಟಾದರೆ ಬೆಳವಣಿಗೆಯ ವೇಗ ಎಂಟು ಪಟ್ಟು. ಉದ್ದನೆಯ ಬಿರುಕು ನೂರಾರು ಪದರ ದಾಟುತ್ತದೆ, ಅದಕ್ಕೆ ಒಂದು ಗುಳ್ಳೆ ಲೆಕ್ಕವಿಲ್ಲ. ವ್ಯತ್ಯಾಸ ಇರುವುದು ಹೊಸ್ತಿಲಿನ ಹತ್ತಿರ, ಮತ್ತು ಬಿರುಕು ಇನ್ನೂ ಗುಳ್ಳೆಯಷ್ಟೇ ಇರುವ ಬಾಲ್ಯದಲ್ಲಿ. ಅದಕ್ಕೇ ಎರಡೂ ಪರೀಕ್ಷೆ ಬೇಕು, ಒಂದು ಇನ್ನೊಂದರ ಜಾಗ ತುಂಬುವುದಿಲ್ಲ.

ಪೀಣ್ಯ ಪರೀಕ್ಷಕ, ಗುರುವಾರ ರಾತ್ರಿ 10.20
ನೋಡಿ ಬಂದೆ. ಕೈ ಇನ್ನೂ ನಡುಗುತ್ತಿದೆ.

41 ಸಾವಿರಕ್ಕೆ ಮುರಿದ ಸರಳಿನ ಅಂಚಿನ ಮಸುಕು ಕಲೆ ಗುಳ್ಳೆಯಲ್ಲ. ಎರಡು ಪದರಗಳು ಕೂಡಿಕೊಳ್ಳದೆ ಉಳಿದ ಚಪ್ಪಟೆ ಸಂದು, ಸುಮಾರು ಅರ್ಧ ಮಿ.ಮೀ. ಅಗಲ. ಅದರೊಳಗೆ ಕರಗದ ಪುಡಿ ಕಾಳುಗಳು ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಗುಂಡಗೆ ಕುಳಿತಿದ್ದವು. ಲೇಸರ್ ಅವುಗಳನ್ನು ಮುಟ್ಟಿಯೇ ಇಲ್ಲ. ಉಳಿದ ಮೂರು ಬೇಗ ಮುರಿದವುಗಳಲ್ಲೂ ಅದೇ ಜಾತಿಯ ಸಂದು. ನಡುವಿನ ಐದರಲ್ಲಿ ನಾಲ್ಕಕ್ಕೆ ಟರ್ನರ್ ಅವರು ಹೇಳಿದಂತೆ ಮೈಮೇಲೆ ಬಾಯಿಬಿಟ್ಟ ಗುಂಡು ಗುಳ್ಳೆ.

ಇನ್ನೊಂದು ಸಂಗತಿ. ಮುದ್ರಿಸುವಾಗ ಸರಳು ಯಂತ್ರದ ತಳದ ಫಲಕದ ಮೇಲೆ ಎಲ್ಲಿತ್ತು ಎಂಬ ಸಂಖ್ಯೆ ತುದಿಯಲ್ಲಿ ಕೊರೆದಿತ್ತು, ಲೇತ್‌ನಲ್ಲಿ ಅದು ಹೋಗಿಬಿಡುತ್ತಿತ್ತು. ನಮ್ಮ ಲೇತ್ ಹುಡುಗ ಯಾರೂ ಹೇಳದೆಯೇ ಪ್ರತಿಯೊಂದನ್ನೂ ತನ್ನ ಪುಸ್ತಕದಲ್ಲಿ ಬರೆದುಕೊಂಡು, ಇನ್ನೊಂದು ತುದಿಗೆ ಪಂಚ್ ಹೊಡೆದಿದ್ದ. ಅದನ್ನು ಹಿಡಿದು ನಕ್ಷೆ ಮಾಡಿದರೆ ಬೇಗ ಮುರಿದ ನಾಲ್ಕೂ ಒಂದೇ ಸಾಲಿನವು, ಅನಿಲ ಹೊರಹೋಗುವ ಕಡೆಯ ಕೊನೆಯ ಸಾಲು.

ಆಖೆನ್ ಕನ್ನಡಿಗ, 10.34
ಸಿಕ್ಕಿತು! ಕರಗುವಾಗ ಸಿಡಿಯುವ ಕಿಡಿ, ಹೊಗೆ ಎಲ್ಲವನ್ನೂ ಆರ್ಗಾನ್ ಆ ಕಡೆಗೇ ತಳ್ಳುತ್ತದೆ. ಸಿಡಿದ ದಪ್ಪ ಕಾಳು ಹೊಸ ಪುಡಿಯ ಮೇಲೆ ಬಿದ್ದರೆ, ಹೊಗೆ ಲೇಸರಿಗೆ ಅಡ್ಡ ಬಂದರೆ, ಕೆಳಗಿನ ಪದರ ಕೂಡಿಕೊಳ್ಳುವುದಿಲ್ಲ. ಫಿಲ್ಟರ್ ತುಂಬಿ ಅನಿಲದ ಓಟ ಕುಗ್ಗಿತ್ತೇ ಎಂದು ಮುದ್ರಿಸಿದವರನ್ನು ಕೇಳಿ. ನಾಸಾದ 2017ರ ಮಾರ್ಷಲ್ ಕೇಂದ್ರದ ಮಾನದಂಡವೂ 2021ರ 6030 ಮಾನದಂಡವೂ ಮುದ್ರಣದ ಜೊತೆಗೇ ಸಾಕ್ಷಿ ತುಣುಕು ಇರಲಿ ಎನ್ನುವುದು ಇಂಥದ್ದಕ್ಕೇ.

ಡಿಪೊ ಮೆಕ್ಯಾನಿಕ್, 10.41
ಆ ಲೇತ್ ಹುಡುಗನಿಗೆ ನನ್ನ ಕಡೆಯಿಂದ ಒಂದು ಕಾಫಿ ಕೊಡಿಸಿ.

ಗಣಿತದ ಮೇಷ್ಟರು, 10.55
ಎರಡು ಬೇರೆ ದೋಷ, ಎರಡು ಬೇರೆ ಗುಂಪು. ಇವನ್ನು ಒಂದೇ ಗೆರೆಯಲ್ಲಿ ಪೋಣಿಸಬೇಡಿ. ನಡುವಿನ ಐದನೆಯದು ಯಾವುದರಿಂದ ಹೋಯಿತು?

ಪೀಣ್ಯ ಪರೀಕ್ಷಕ, 11.08
ಅದು ನಮ್ಮ ತಪ್ಪು. ಉಜ್ಜುವಾಗ ಉಳಿದ ಅಡ್ಡ ಗೀರಿನಿಂದ ಶುರುವಾಗಿದೆ. ಅದನ್ನೂ ಹಾಗೆಯೇ ವರದಿಯಲ್ಲಿ ಬರೆಯುತ್ತೇನೆ. ಪ್ರತಿ ಸರಳಿಗೂ ಒಂದು ಸಾಲು: ಫಲಕದ ಮೇಲಿನ ಜಾಗ, ಆವರ್ತ, ಬಿರುಕು ಹುಟ್ಟಿದ ಜಾಗದ ಚಿತ್ರ, ದೋಷದ ಅಳತೆ. ಸರಾಸರಿ ಇಲ್ಲ. ಬ್ರಾಕೆಟ್‌ಗೆ ಈ ಅಂಕಿಗಳನ್ನು ಬಳಸಬಾರದು ಎಂದು ಮೊದಲ ಪುಟದಲ್ಲೇ ಹಾಕುತ್ತೇನೆ. ಮುದ್ರಿಸಿದ ಮೈಯ ಸರಳುಗಳಿಗೆ ಗ್ರಾಹಕರು ಒಪ್ಪಿದ್ದಾರೆ, ಮೂರು ದಿಕ್ಕಿನಲ್ಲಿ.

ಹಳೆಯ ಟರ್ನರ್, ಶುಕ್ರವಾರ ಬೆಳಿಗ್ಗೆ 6.10
ಸಿ.ಟಿ. ತುಣುಕಿಗೆ ಫಲಕ ಮುದ್ರಿಸುವಾಗ ಸುತ್ತಲೂ ಒಂದೂವರೆ ಮಿ.ಮೀ. ಬಿಡಿಸಿ. ಮುದ್ರಿಸಿದ ಮೈಯ ಸರಳಿಗೆ ಹಿಡಿಕೆಯ ಭಾಗ ಮಾತ್ರ ತಿರುಗಿಸಿ, ನಡುಭಾಗಕ್ಕೆ ಹಲ್ಲು ತಾಗಬಾರದು. ಹಿಡಿಕೆಯ ಥ್ರೆಡ್‌ನಲ್ಲಿ ಮುರಿದರೆ ನನಗೆ ಬರೆಯಿರಿ, ಅದಕ್ಕೊಂದು ಉಪಾಯ ಇದೆ.